ವಿಸಿಪಿಯು ಜಾಸ್ತಿ ಕೊಟ್ಟು ನಿಧಾನ ಮಾಡಿಕೊಂಡಿದ್ದು

ನಮ್ಮ ಟೆಸ್ಟಿಂಗ್ ಸರ್ವರ್‌ನಲ್ಲಿ 8 ಕೋರ್, ಹೈಪರ್‌ಥ್ರೆಡಿಂಗ್ (ಒಂದು ಕೋರ್ ಎರಡಾಗಿ ಕಾಣುವ ಸೌಲಭ್ಯ) ಸೇರಿ 16 ಥ್ರೆಡ್. ಮೇಲೆ ಲಿನಕ್ಸ್ ಕೆವಿಎಂ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರ ಓಡಿಸುವ ವ್ಯವಸ್ಥೆ), ಅದರಲ್ಲಿ ಆರು ವಿಎಂ, ಅಂದರೆ ವರ್ಚುವಲ್ ಯಂತ್ರ. ಒಂದು ದಿನ ಡೇಟಾಬೇಸ್ ವಿಎಂ ನಿಧಾನ ಅಂತ ದೂರು ಬಂತು. 4 ಇದ್ದ ವಿಸಿಪಿಯು (ವಿಎಂ ಕಣ್ಣಿಗೆ ಕಾಣುವ ಪ್ರೊಸೆಸರ್) 12 ಮಾಡಿದೆ. ಇನ್ನೂ ನಿಧಾನವಾಯಿತು!

ವಿಎಂ ಒಳಗೆ ಟಾಪ್ (ಸಿಪಿಯು ಬಳಕೆ ತೋರಿಸುವ ಕಮಾಂಡ್) ಓಡಿಸಿದೆ. ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಅಂತ ಒಂದು ಅಂಕಿ ಇರುತ್ತಲ್ವಾ, ಅದು ಶೇಕಡಾ 20 ದಾಟಿತ್ತು. ಎಸ್‌ಟಿ ಅಂದರೆ ಸ್ಟೀಲ್. ವಿಸಿಪಿಯು ಹತ್ತಿರ ಕೆಲಸ ಇದೆ, ಓಡೋಕೆ ನಿಜವಾದ ಕೋರ್ ಸಿಕ್ಕಿಲ್ಲ ಅಂತ ಅರ್ಥ.

ಹೋಸ್ಟ್‌ನಲ್ಲಿ, ಅಂದರೆ ನಿಜವಾದ ಸರ್ವರ್‌ನಲ್ಲಿ, ಟಾಪ್ ತೆಗೆದು ದೊಡ್ಡ ಎಚ್ ಒತ್ತಿದೆ. 'ಸಿಪಿಯು 0/ಕೆವಿಎಂ', 'ಸಿಪಿಯು 1/ಕೆವಿಎಂ' ಅಂತ ಥ್ರೆಡ್‌ಗಳ ಸಾಲೇ ಬಂತು. ಆಗಲೇ ತಲೆಗೆ ಹೊಳೆದಿದ್ದು. ಕೆವಿಎಂ ತರಹದ್ದೇ ಇನ್ನೊಂದು ವ್ಯವಸ್ಥೆ ಕ್ಸೆನ್‌ಗೆ ತನ್ನದೇ ಶೆಡ್ಯೂಲರ್ (ಯಾರಿಗೆ ಯಾವಾಗ ಕೋರ್ ಅಂತ ಹಂಚುವ ಭಾಗ) ಇದೆ, ಕೆವಿಎಂಗೆ ಇಲ್ಲ. ಒಂದೊಂದು ವಿಸಿಪಿಯು ಕೂಡ ಲಿನಕ್ಸ್‌ನ ಒಂದು ಮಾಮೂಲಿ ಥ್ರೆಡ್ (ಕೋರ್‌ನದ್ದಲ್ಲ, ಓಡುವ ಕೆಲಸದ ಎಳೆ), ಅಷ್ಟೇ. ನಾನು ಕೊಟ್ಟಿದ್ದು ಶಕ್ತಿಯಲ್ಲ, ಕ್ಯೂನಲ್ಲಿ ನಿಲ್ಲೋಕೆ ಇನ್ನೂ ಎಂಟು ಜನ.

ಇದಕ್ಕಿಂತ ಕೆಟ್ಟದ್ದು ಲಾಕ್‌ನ ಕಥೆ. ಒಂದು ವಿಸಿಪಿಯು ಸ್ಪಿನ್‌ಲಾಕ್ (ಸಿಗುವ ತನಕ ಕಾಯುವವರು ಸುತ್ತುತ್ತಲೇ ಇರುವ ಬೀಗ) ಹಿಡಿದಿರುತ್ತದೆ. ಅಷ್ಟರಲ್ಲಿ ಹೋಸ್ಟ್ ಅದನ್ನು ಕೋರ್‌ನಿಂದ ಇಳಿಸುತ್ತದೆ. ಕೀಲಿ ಇಟ್ಟುಕೊಂಡವನು ಊರಿಗೆ ಹೋದ ಹಾಗೆ. ಉಳಿದವರು ಬಾಗಿಲು ಬಡಿಯುತ್ತಾ ಸುಮ್ನೆ ಕೋರ್ ತಿನ್ನುತ್ತಾರೆ. ಹೀಗೆ ಸುತ್ತುವುದನ್ನು ಹಿಡಿಯೋಕೆ ಪ್ರೊಸೆಸರ್‌ನಲ್ಲೇ ಪಾಜ್ ಲೂಪ್ ಎಕ್ಸಿಟಿಂಗ್ ಅಂತ ಸೌಲಭ್ಯ ಇದೆ. ಆದರೆ ಅದು ನೋವಿನ ಮಾತ್ರೆ, ರೋಗಕ್ಕೆ ಮದ್ದಲ್ಲ.

ಮತ್ತೆ 4ಕ್ಕೆ ಇಳಿಸಿದೆ. ಬೇರೆ ವಿಎಂಗಳದ್ದೂ ಕತ್ತರಿಸಿದೆ. ಎಸ್‌ಟಿ 2–3ಕ್ಕೆ ಬಂತು.

ಅಲ್ಲಿಗೆ ಬಿಡಬೇಕಿತ್ತು. ಪಿನ್ ಮಾಡೋಣ, ಅಂದರೆ ವಿಸಿಪಿಯುಗಳನ್ನು ಇಂಥ ಸಿಪಿಯುಗಳಲ್ಲೇ ಓಡುವಂತೆ ಕಟ್ಟೋಣ, ಅಂತ ಹುಮ್ಮಸ್ಸು ಬಂತು. 'ವರ್ಶ್ ವಿಸಿಪಿಯುಪಿನ್' ಕಮಾಂಡ್ ಕೊಟ್ಟು ಡೇಟಾಬೇಸ್ ವಿಎಂ ಅನ್ನು ಹೋಸ್ಟ್‌ನ ಸಿಪಿಯು ಸಂಖ್ಯೆ 0, 1, 8, 9ಕ್ಕೆ ಕಟ್ಟಿದೆ. ನಾಲ್ಕು ಕೋರ್ ಅಂದುಕೊಂಡಿದ್ದೆ. ಆಮೇಲೆ 'ಎಲ್ಎಸ್‌ಸಿಪಿಯು' ತೆಗೆದು ನೋಡಿದರೆ 0 ಮತ್ತು 8 ಒಂದೇ ಕೋರ್‌ನ ಅವಳಿಗಳು, 1 ಮತ್ತು 9 ಕೂಡ ಹಾಗೇ. ಅಂದರೆ ಕೊಟ್ಟಿದ್ದು ಎರಡೇ ಕೋರ್! 0ರಿಂದ 3ಕ್ಕೆ ಬದಲಿಸಿ, 8ರಿಂದ 11ರಲ್ಲಿ ಬೇರೆ ಯಾರೂ ಬರದ ಹಾಗೆ ಉಳಿದ ವಿಎಂಗಳನ್ನು ಆಚೆ ಕಟ್ಟಿದೆ.

ಇನ್ನು ರಾತ್ರಿಯ ಬಿಲ್ಡ್ ವಿಎಂ. ಅದರ ಹೊಟ್ಟೆಬಾಕತನಕ್ಕೆ ವರ್ಶ್‌ನ 'ಶೆಡ್‌ಇನ್ಫೋ'ದಲ್ಲಿ ಕೋಟಾ ಹಾಕಿದೆ: 1,00,000 ಮೈಕ್ರೋಸೆಕೆಂಡಿನ ಅವಧಿಯಲ್ಲಿ ಪ್ರತಿ ವಿಸಿಪಿಯುಗೆ 50,000. ಬೆಳಿಗ್ಗೆ ಅದಕ್ಕೆ ಪಿಂಗ್ ಮಾಡಿದರೆ (ಇದ್ದೀಯಾ ಅಂತ ನೆಟ್‌ವರ್ಕ್‌ನಲ್ಲಿ ಕೇಳಿದರೆ) ಒಂದು ಉತ್ತರ ತಕ್ಷಣ, ಮುಂದಿನದು 40 ಮಿಲಿಸೆಕೆಂಡ್ ತಡ. ನೆಟ್‌ವರ್ಕ್ ಕೇಬಲ್ ಕೂಡ ಬದಲಿಸಿ ನೋಡಿದೆ. ಕೊನೆಗೆ ಲೆಕ್ಕ ಸಿಕ್ಕಿತು: 50 ಮಿಲಿಸೆಕೆಂಡಿನಲ್ಲಿ ಪಾಲು ಮುಗಿಸಿ, ಉಳಿದ 50 ಅದು ಕಟ್ಟಿಹಾಕಿದಂತೆ ಕೂತಿರುತ್ತಿತ್ತು. ಕೋಟಾ ತೆಗೆದು ಅದರ ಸಿಪಿಯು ಶೇರ್ ಕಡಿಮೆ ಮಾಡಿದೆ. ಈಗ ಬೇರೆಯವರು ಕೇಳಿದಾಗ ಮಾತ್ರ ಜಾಗ ಬಿಡುತ್ತದೆ. ಹಳೆಯ ಕೇಬಲ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ.