ಅಂಗದಾನ ಮತ್ತು ಕ್ರಿಟಿಕಲ್ ಕೇರ್ ಫೆಲೋಶಿಪ್: ಸೇರುವ ಮೊದಲು, ಸೇರಿದ ಮೇಲೆ

ಅನಸ್ತೇಷಿಯಾದಲ್ಲೋ ಮೆಡಿಸಿನ್‌ನಲ್ಲೋ ಎಂ.ಡಿ. ಮುಗಿಸಿದವರು ಕೇಳುತ್ತಿರುತ್ತಾರೆ, "ಮೇಡಂ, ಕ್ರಿಟಿಕಲ್ ಕೇರ್ ಜೊತೆಗೆ ಅಂಗದಾನದ ಫೆಲೋಶಿಪ್ ಮಾಡಬಹುದಾ?" ಮಾಡಿ ಎಂದೇ ಹೇಳುತ್ತೇನೆ. ಮಂಗಳೂರಿನ ಐಸಿಯುನಲ್ಲಿ ಕೆಲಸ ಮಾಡುವ ನನಗೆ ಇದರಷ್ಟು ತುರ್ತಾಗಿ ಬೇಕಾದ ತರಬೇತಿ ಬೇರೆ ಕಾಣುವುದಿಲ್ಲ. ಸತ್ತ ಮೇಲೆ ಅಂಗ ದಾನವಾಗುವುದು ನಮ್ಮ ದೇಶದಲ್ಲಿ ವರ್ಷಕ್ಕೆ 10 ಲಕ್ಷ ಜನಕ್ಕೆ ಒಬ್ಬರದೂ ಇಲ್ಲ, ಸ್ಪೇನಿನಲ್ಲಿ 40ಕ್ಕೂ ಹೆಚ್ಚು. ಸ್ಪೇನ್ 1989ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲಿ ದಾನದ ಹೊಣೆಯನ್ನು ಹೆಚ್ಚಾಗಿ ಐಸಿಯು ವೈದ್ಯರ ಕೈಗೇ ಕೊಟ್ಟಿತು. ಸಂಭಾವ್ಯ ದಾನಿಯನ್ನು ಮೊದಲು ನೋಡುವವರು ನಾವೇ ಅಲ್ಲವೇ?

ಆಸ್ಪತ್ರೆ ಆರಿಸುವಾಗ ಕಟ್ಟಡವನ್ನೂ ಸ್ಟೈಪೆಂಡನ್ನೂ ನೋಡಿ ಮರುಳಾಗಬೇಡಿ. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಪೂರ್ಣಾವಧಿಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ (ದಾನಿಯ ಮನೆಯವರು, ಆಸ್ಪತ್ರೆ, ಕಸಿ ತಂಡದ ನಡುವೆ ಕೊಂಡಿಯಾಗುವವರು) ಇದ್ದಾರಾ? ಮಿದುಳುಕಾಂಡದ ಸಾವನ್ನು, ಅಂದರೆ ಉಸಿರಾಟ ನಡೆಸುವ ಮಿದುಳಿನ ಬುಡ ಮರಳಿ ಬಾರದಂತೆ ನಿಂತುಹೋಗಿರುವುದನ್ನು, ದೃಢಪಡಿಸುವ ನಾಲ್ವರು ವೈದ್ಯರ ಪ್ಯಾನೆಲ್ ಭಾನುವಾರ ರಾತ್ರಿಯೂ ಸಿಗುತ್ತದಾ? ತಲೆಗೆ ಪೆಟ್ಟಾದವರು ಸಾಕಷ್ಟು ಬರುತ್ತಾರಾ? ನಮ್ಮ ಕಡೆ ಈ ಕೊನೆಯದಕ್ಕೆ ಉತ್ತರ ಗೊತ್ತಿದ್ದದ್ದೇ. ಮಳೆಗಾಲ ಹಿಡಿದರೆ ಹೆದ್ದಾರಿಗಳ ಬೈಕ್ ಅಪಘಾತಗಳು ಕುಂದಾಪುರ ಕಡೆಯಿಂದ ಮಣಿಪಾಲಕ್ಕೆ, ಬಂಟ್ವಾಳ, ಪುತ್ತೂರು, ಕಾಸರಗೋಡಿನಿಂದ ಮಂಗಳೂರಿಗೆ ಬರುತ್ತಲೇ ಇರುತ್ತವೆ. ಮನೆಯವರೊಂದಿಗೆ ನಡೆಯುವ ಮಾತುಕತೆಗಳಲ್ಲಿ ಫೆಲೋಗೆ ಕುರ್ಚಿ ಇದೆಯಾ ಎಂದೂ ಕೇಳಿ. ಫಾರ್ಮ್ ತುಂಬುವುದಷ್ಟೇ ಕೆಲಸ ಎಂದರೆ ಬೇರೆ ಕಡೆ ನೋಡಿ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ಅದನ್ನು ಕೇಳಲೇಬೇಕು: ಸಾವು ದೃಢಪಟ್ಟ ಮೇಲೆ ಮನೆಯವರು ದಾನ ಬೇಡ ಎಂದರೆ ವೆಂಟಿಲೇಟರ್ ಏನಾಗುತ್ತದೆ? ಮಿದುಳುಕಾಂಡದ ಸಾವನ್ನು ಸಾವೆಂದು ಹೇಳುವ ನಮ್ಮ 1994ರ ಕಾನೂನು ಇರುವುದು ಅಂಗಾಂಗ ಕಸಿಯ ಸಂದರ್ಭಕ್ಕೆ. ದಾನ ಇರಲಿ ಬಿಡಲಿ ಹೇಗೆ ನಡೆದುಕೊಳ್ಳಬೇಕೆಂದು ಕೇರಳ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ನೀವು ಸೇರುವ ಆಸ್ಪತ್ರೆಯಲ್ಲಿ ಇದಕ್ಕೆ ಲಿಖಿತ ಕ್ರಮ ಇರಬೇಕು. ಇಲ್ಲದಿದ್ದರೆ ಬೇಡ ಎಂದ ಮನೆಯವರು ಐಸಿಯು ಹೊರಗೆ ದಿನಗಟ್ಟಲೆ ಕಾಯುತ್ತಾ ಕೂರುವಂತಾಗುತ್ತದೆ. ಅಂಥ ಸ್ಥಿತಿ ಯಾವ ಮನೆಗೂ ಬರಬಾರದು.

ಸೇರಿದ ಮೇಲೆ ಮೊದಲ ತಿಂಗಳು ದಾನದ ಮಾತೇ ಬೇಡ, ರೋಗಿಗಳನ್ನು ನೋಡಲು ಕಲಿಯಿರಿ. ಬೆಳಗಿನ ರೌಂಡ್ಸ್‌ನಲ್ಲಿ ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ 3ರಿಂದ 15ರ ಅಂಕ) 5ಕ್ಕಿಂತ ಮೇಲೇರದೆ ವೆಂಟಿಲೇಟರ್ ಮೇಲಿರುವ ಪ್ರತಿಯೊಬ್ಬರ ಪಾಪೆಗೆ ಟಾರ್ಚ್ ಹಿಡಿಯಿರಿ. ಕಫ ತೆಗೆಯಲು ಸಕ್ಷನ್ ಹಾಕಿದಾಗ ಕೆಮ್ಮು ಬಂತಾ ಎಂದು ನರ್ಸ್ ಅಕ್ಕನನ್ನು ಕೇಳಿ. ಕೆಮ್ಮು ನಿಂತದ್ದು ಎಷ್ಟೋ ಸಲ ಮೊದಲು ತಿಳಿಯುವುದು ಅವರಿಗೇ. ಮಿದುಳುಕಾಂಡ ಸತ್ತಿದೆ ಎಂಬ ಅನುಮಾನ ಬಂದರೆ, ಹಾಗೆ ಕಾಣಿಸಬಲ್ಲ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ. ನಿದ್ದೆ, ನೋವಿಗೆ ಕೊಟ್ಟ ಮಿಡಜೋಲಂ, ಫೆಂಟನಿಲ್ ಮೈಯಿಂದ ಇಳಿದಿವೆಯಾ? ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಸ್ನಾಯು ಸಡಿಲಿಸುವ ಔಷಧಿ ಉಳಿದಿದೆಯಾ, ಮೈ ತಣ್ಣಗಾಗಿದೆಯಾ, ಸೋಡಿಯಂ, ಸಕ್ಕರೆ, ಬಿಪಿ ಸರಿ ಇವೆಯಾ? ಅಡಿಕೆ ತೋಟಗಳ ಈ ಊರಿನಲ್ಲಿ ಒಂದು ಎಚ್ಚರ ಯಾವಾಗಲೂ ಬೇಕು. ಕ್ರೈಟ್ ಅಥವಾ ನಾಗರಹಾವು ಕಚ್ಚಿದವರಲ್ಲಿ ಪಾಪೆ ಅಗಲವಾಗಿ, ರೆಪ್ಪೆಯೂ ಆಡದೆ, ಪೂರ್ತಿ ಹೋದಂತೆ ಕಾಣಬಹುದು. ವೆಂಟಿಲೇಟರ್‌ನಲ್ಲಿ ಕಾದರೆ ಅವರು ಎದ್ದು ಮನೆಗೆ ನಡೆದುಹೋಗುತ್ತಾರೆ. ಕೀಟನಾಶಕ ಕುಡಿದವರಲ್ಲೂ ಇದೇ ಎಚ್ಚರ ಇರಲಿ. ಪ್ರಜ್ಞೆ ತಪ್ಪಿದ ಕಾರಣ ಖಚಿತವಾಗಿ ಗೊತ್ತಿಲ್ಲದೆ ಪರೀಕ್ಷೆಗೆ ಕೈ ಹಾಕಲೇಬಾರದು.

ಪರೀಕ್ಷೆಗಳನ್ನು ಪುಸ್ತಕದಲ್ಲಿ ಓದಿರುತ್ತೀರಿ, ಕೈಯಲ್ಲಿ ಕೂರಬೇಕಾದ್ದು ಆಪ್ನಿಯಾ ಟೆಸ್ಟ್, ಅಂದರೆ ರೋಗಿ ತಾನಾಗಿ ಉಸಿರಾಡುತ್ತಾರಾ ಎಂದು ನೋಡುವ ಪರೀಕ್ಷೆ. 100% ಆಮ್ಲಜನಕ ಕೊಟ್ಟು ಸಿದ್ಧಮಾಡಿ, ವೆಂಟಿಲೇಟರ್ ಬಿಡಿಸಿ, ಕ್ಯಾಥೆಟರ್‌ನಲ್ಲಿ ಆಮ್ಲಜನಕ ಹರಿಸುತ್ತಾ 8–10 ನಿಮಿಷ ಎದೆ ಮತ್ತು ಹೊಟ್ಟೆಯಿಂದ ಕಣ್ಣು ತೆಗೆಯದೆ ನಿಲ್ಲಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60 ಮಿ.ಮೀ. ಮುಟ್ಟಿದರೂ ಒಂದು ಉಸಿರೂ ಬರದಿದ್ದರೆ ಪರೀಕ್ಷೆ ಪಾಸಿಟಿವ್, ಅಂದರೆ ಮಿದುಳುಕಾಂಡದ ಸಾವಿನ ಕಡೆಗೆ. ನಡುವೆ ಬಿಪಿ ಕುಸಿದರೆ ನಿಲ್ಲಿಸಿ, ಹಟ ಬೇಡ. ಕನಿಷ್ಠ 6 ಗಂಟೆ ಬಿಟ್ಟು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಬೇಕು. ಮಿದುಳುಕಾಂಡದ ಸಾವಿನ ಪ್ರಮಾಣಪತ್ರವಾದ ಫಾರ್ಮ್ 10ಕ್ಕೆ ನಾಲ್ವರ ಸಹಿ ಬೇಕು, ಕಸಿ ತಂಡದ ವೈದ್ಯರು ಆ ನಾಲ್ವರಲ್ಲಿ ಇರುವಂತಿಲ್ಲ.

ಈ ಕೊನೆಯ ನಿಯಮದ ಬೆಲೆ ನನಗೆ ಅರ್ಥವಾದದ್ದು ಮಲ್ಪೆಯ ಬೋಟಿನಲ್ಲಿ ದುಡಿಯುವ ಒಬ್ಬರಿಂದ. ಅವರ ತಮ್ಮ ನಮ್ಮ ಐಸಿಯುನಲ್ಲಿದ್ದ. ಅವರು ನೇರವಾಗಿ ಕೇಳಿದರು, "ಡಾಕ್ಟ್ರೇ, ನೀವು ಅವನ ಡಾಕ್ಟ್ರಾ, ಕಿಡ್ನಿ ಬೇಕಾದವರ ಡಾಕ್ಟ್ರಾ?" ಫೆಲೋಶಿಪ್ ಮಾಡುವವರು ಈ ಪ್ರಶ್ನೆಯನ್ನು ದಿನವೂ ತಮಗೆ ತಾವೇ ಕೇಳಿಕೊಳ್ಳಬೇಕು. ನಾವು ಅವನ ಡಾಕ್ಟರ್, ಕೊನೆಯವರೆಗೂ ಅವನದ್ದೇ. ಅಂಗ ಯಾರಿಗೆ ಹೋಗಬೇಕೆಂದು ತೀರ್ಮಾನವಾಗುವುದು ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿಯ ಪ್ರಕಾರ, ನಮ್ಮ ಕೈಯಲ್ಲಿ ಏನೂ ಇಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಅನುಮಾನ ಪಟ್ಟದ್ದಕ್ಕೆ ಅವರ ಮೇಲೆ ಬೇಸರಿಸಲು ಯಾರಿಗೂ ಹಕ್ಕಿಲ್ಲ.

ಆದ್ದರಿಂದ ಮಾತುಕತೆ ಎರಡಾಗಿರಲಿ. ಮೊದಲನೆಯದು ಸಾವಿನ ಸುದ್ದಿಗೆ ಮಾತ್ರ. ಯಾರು ಯಾರು ಬಂದಿದ್ದಾರೆ ನೋಡಿಕೊಂಡು ಎಲ್ಲರನ್ನೂ ಕೂರಿಸಿ. ತುಳುನಾಡಿನಲ್ಲಿ ಹೆಂಡತಿ, ತಾಯಿ ಎದುರಿಗಿದ್ದರೂ ಎಲ್ಲರ ಕಣ್ಣು ಸೋದರಮಾವನ ಮೇಲಿರುತ್ತದೆ. ಕಾನೂನಿನ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಇದ್ದಾರೆ, ಮಾವ ಇಲ್ಲ. ಸಹಿ ಅವರದ್ದಾಗದಿದ್ದರೂ ಅವರನ್ನು ಹೊರಗೆ ನಿಲ್ಲಿಸಬೇಡಿ. ದುಬೈಯಲ್ಲೋ ಕುವೈತ್‌ನಲ್ಲೋ ಒಬ್ಬ ಮಗ ಅಥವಾ ಅಣ್ಣ ಇದ್ದೇ ಇರುತ್ತಾನೆ, ಅವನನ್ನು ವಿಡಿಯೋ ಕಾಲ್‌ನಲ್ಲಿ ಕರೆದು ಇವರಿಗೆ ಹೇಳಿದ್ದನ್ನೇ ಹೇಳಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಯಾವುದು ಮನೆಮಾತೋ ಅದು ಬರುವ ನರ್ಸ್ ನಿಮ್ಮ ಪಕ್ಕದಲ್ಲಿರಲಿ.

"ಚಾನ್ಸ್ ಕಡಿಮೆ", "ಬ್ರೈನ್ ಕೆಲಸ ಮಾಡ್ತಾ ಇಲ್ಲ" ಎಂದು ಸುತ್ತಿ ಬಳಸಬೇಡಿ. "ನಿಮ್ಮ ತಮ್ಮ ತೀರಿಕೊಂಡಿದ್ದಾರೆ. ಎದೆ ಏಳುತ್ತಿರುವುದು ಮಷಿನ್‌ನಿಂದ" ಎಂದು ಹೇಳಿ, ಅಲ್ಲಿಗೆ ಮಾತು ನಿಲ್ಲಿಸಿ. ಕೈ ಬಿಸಿ ಇದೆಯಲ್ಲ ಎನ್ನುತ್ತಾರೆ. ಕಾಲು ಅಲುಗಿತಲ್ಲ ಎಂದೂ ಕೇಳುತ್ತಾರೆ. ಬೆನ್ನುಹುರಿಯ ಪ್ರತಿಕ್ರಿಯೆಯಿಂದ ಹಾಗಾಗಬಹುದೆಂದು ಮೊದಲೇ ಹೇಳಿಟ್ಟರೆ ಅವರು ಬೆಚ್ಚಿಬೀಳುವುದು ತಪ್ಪುತ್ತದೆ.

"ಮುಂದೇನು?" ಎಂಬ ಪ್ರಶ್ನೆ ಅವರಿಂದಲೇ ಬಂದರೆ ಎರಡನೆಯ ಮಾತು ಶುರುಮಾಡಬಹುದು. ಬರದಿದ್ದರೆ ಎದ್ದು ಬನ್ನಿ, ಸ್ವಲ್ಪ ಹೊತ್ತು ಬಿಟ್ಟು ಕೋಆರ್ಡಿನೇಟರ್ ಜೊತೆ ಮತ್ತೆ ಹೋಗಿ. ಹೀಗೊಂದು ಅವಕಾಶ ಇದೆ ಎಂದು ತಿಳಿಸುವುದು 2011ರ ತಿದ್ದುಪಡಿಯ ಮೇಲೆ ನಮ್ಮ ಕರ್ತವ್ಯ, ಒಪ್ಪಿಸುವುದು ಕರ್ತವ್ಯವಲ್ಲ. ಪುಣ್ಯದ ಮಾತನ್ನು ನೀವು ಎತ್ತಬೇಡಿ. ತೀರಿಕೊಂಡವರು ಎಂಥ ಮನುಷ್ಯರಾಗಿದ್ದರು, ಈ ಬಗ್ಗೆ ಯಾವತ್ತಾದರೂ ಏನಾದರೂ ಹೇಳಿದ್ದರಾ ಎಂದು ಕೇಳಿ. ಮನೆಯವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಎರಡು ಚಿಂತೆ: ಮುಖ ಹಾಳಾಗುತ್ತದಾ, ಬಾಡಿ ಯಾವಾಗ ಸಿಗುತ್ತದೆ. ಮುಖಕ್ಕೆ ಏನೂ ಆಗುವುದಿಲ್ಲ, ಹೊಲಿಗೆ ಹಾಕಿ ಗೌರವದಿಂದ ಒಪ್ಪಿಸುತ್ತೇವೆ ಎನ್ನಿ. ಸಮಯವನ್ನು ಮಾತ್ರ ಕಡಿಮೆ ಮಾಡಿ ಹೇಳಬೇಡಿ. ಸಂಜೆಯೊಳಗೆ ದಹನವೋ ದಫನವೋ ಆಗಬೇಕೆಂದು ಊರಿಗೆ ತಿಳಿಸಿ ಕೂತವರಿಗೆ ನಡುರಾತ್ರಿ ಬಾಡಿ ಕೊಟ್ಟರೆ ನಂಬಿಕೆ ಒಡೆಯುತ್ತದೆ. ಖರ್ಚಿನ ಮಾತನ್ನು ನೀವಾಗಿ ಎತ್ತಿ. ಸಾವು ದೃಢಪಟ್ಟ ಮೇಲೆ ದಾನಕ್ಕಾಗಿ ದೇಹವನ್ನು ಕಾಪಾಡಿಕೊಳ್ಳುವ, ಅಂಗ ತೆಗೆಯುವ, ಸಾಗಿಸುವ ವೆಚ್ಚವನ್ನು ದಾನಿಯ ಮನೆಯವರಿಂದ ವಸೂಲಿ ಮಾಡಬಾರದೆಂದು 2014ರ ನಿಯಮದಲ್ಲೇ ಇದೆ. ಬಿಲ್ಲಿಂಗ್ ಕೌಂಟರ್‌ಗೆ ನೀವೇ ಹೋಗಿ ಸಾವು ದೃಢಪಟ್ಟ ಗಂಟೆಯನ್ನು ಬರೆಸಿ ಬನ್ನಿ.

ಒಪ್ಪಿದ ಮೇಲೆ ಅಂಗಗಳು ಕೆಡದಂತೆ ಕಾಯಬೇಕು, ಐಸಿಯು ಕೆಲಸ ದುಪ್ಪಟ್ಟಾಗುತ್ತದೆ. ಮೂತ್ರ ಇದ್ದಕ್ಕಿದ್ದಂತೆ ಸುರಿಯತೊಡಗಿದರೆ ಡಯಾಬಿಟಿಸ್ ಇನ್ಸಿಪಿಡಸ್ (ಸಕ್ಕರೆ ಕಾಯಿಲೆಯಲ್ಲ, ಮಿದುಳಿನ ಹಾರ್ಮೋನ್ ನಿಂತು ಮೈಯ ನೀರು ಮೂತ್ರವಾಗಿ ಹೋಗುವುದು) ಎಂದು ತಿಳಿದು ವಾಸೊಪ್ರೆಸಿನ್ ಅಥವಾ ಡೆಸ್ಮೊಪ್ರೆಸಿನ್ ಶುರುಮಾಡಿ, ಸೋಡಿಯಂ 155 ದಾಟದಂತೆ ನೋಡಿ. ಸರಾಸರಿ ಬಿಪಿ 65ರ ಮೇಲಿರಲಿ, ಮೈ ಬೆಚ್ಚಗಿರಲಿ, ವೆಂಟಿಲೇಟರ್ ಪ್ರತಿ ಉಸಿರಿಗೆ ಕೊಡುವ ಗಾಳಿ (ಟೈಡಲ್ ವಾಲ್ಯೂಮ್) ಕೆ.ಜಿ.ಗೆ 6–8 ಮಿ.ಲೀ. ಸಾಕು. ಹೃದಯ ಹೊರಬಂದ ಮೇಲೆ ಇರುವುದು 4 ಗಂಟೆ ಚಿಲ್ಲರೆ. ಮಣಿಪಾಲದಿಂದ ಬಜ್ಪೆ ವಿಮಾನ ನಿಲ್ದಾಣ ಸುಮಾರು 60 ಕಿ.ಮೀ., ಪೊಲೀಸರು ದಾರಿ ಬಿಡಿಸಿಕೊಟ್ಟರೂ ಪ್ರತಿ ನಿಮಿಷ ಲೆಕ್ಕಕ್ಕೆ ಬರುತ್ತದೆ.

ಅಪಘಾತದ ಕೇಸು ಎಂದರೆ ಮೆಡಿಕೊ-ಲೀಗಲ್, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು. ದಾನಕ್ಕೆ ಅದು ಅಡ್ಡಿಯಲ್ಲ, ಆದರೆ ಠಾಣೆಗೂ ಫೊರೆನ್ಸಿಕ್ ವೈದ್ಯರಿಗೂ ಮೊದಲ ಪರೀಕ್ಷೆಯ ಹೊತ್ತಿಗೇ ಸುದ್ದಿ ಹೋಗಬೇಕು. 2021ರ ನವೆಂಬರ್‌ನಿಂದ ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಪೋಸ್ಟ್‌ಮಾರ್ಟಂ ಮಾಡಬಹುದು, ಅಂಗದಾನದ ಕೇಸುಗಳಿಗೆ ಆದ್ಯತೆ ಇದೆ. ಕೊಲೆ, ಆತ್ಮಹತ್ಯೆ, ಅನುಮಾನಾಸ್ಪದ ಸಾವು ಸಾಮಾನ್ಯವಾಗಿ ಈ ರಾತ್ರಿ ಪೋಸ್ಟ್‌ಮಾರ್ಟಂನಿಂದ ಹೊರಗೆ.

ಫೆಲೋಶಿಪ್ ಮುಗಿಯುವ ಮೊದಲು ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆಯ ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ವೈದ್ಯರಿಗೂ ನರ್ಸ್‌ಗಳಿಗೂ ಇದನ್ನೆಲ್ಲ ಕಲಿಸಿ. ಕಸಿ ಮಾಡದ ಆಸ್ಪತ್ರೆಯೂ ಐಸಿಯು, ಆಪರೇಷನ್ ಥಿಯೇಟರ್ ಇದ್ದರೆ ಅಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಹೋಗುವಾಗ ಫಾರ್ಮ್ 8 (ಮನೆಯವರ ಒಪ್ಪಿಗೆ ಪತ್ರ) ಮತ್ತು 10ರ ಪ್ರತಿಗಳು, ನಾಲ್ವರ ಪ್ಯಾನೆಲ್‌ಗೆ ಅನುಮತಿ ಪಡೆಯುವ ಅರ್ಜಿ, ಜೀವಸಾರ್ಥಕತೆಯ ಮಂಗಳೂರು ವಲಯದ ಕೋಆರ್ಡಿನೇಟರ್ ನಂಬರ್ ಬ್ಯಾಗಿನಲ್ಲಿರಲಿ. ನಂಬರನ್ನು ನರ್ಸಿಂಗ್ ಸ್ಟೇಷನ್‌ನ ಗೋಡೆಗೆ ಅಂಟಿಸಿಯೇ ಬನ್ನಿ.