ದಾರಿ ಅಳೆದು ಕೊಂಡ ಸೈಕಲ್

ನನ್ನ ಶಾಲೆ ಚಿತ್ರದುರ್ಗದಿಂದ 11 ಕಿಲೋಮೀಟರ್. ಹೊಳಲ್ಕೆರೆ ಕಡೆ 8 ಕಿಲೋಮೀಟರ್ ಡಾಂಬರು ರಸ್ತೆ. ಆಮೇಲೆ ಎಡಕ್ಕೆ ತಿರುಗಿದರೆ 3 ಕಿಲೋಮೀಟರ್ ಹೊಲದ ದಾರಿ. ಸ್ವಲ್ಪ ದೂರ ಗರಸು, ಸ್ವಲ್ಪ ದೂರ ಬಂಡಿ ಜಾಡು, ಕೊನೆಗೆ ಒಂದು ಹಳ್ಳ. ಹತ್ತು ವರ್ಷ ಸ್ಕೂಟಿಯಲ್ಲಿ ಓಡಾಡಿದೆ. ಮೂವತ್ತೊಂಬತ್ತಕ್ಕೆ ಮಂಡಿ ಹಿಡಿಯಲು ಶುರುವಾಯಿತು. ಸೈಕಲ್ ತುಳಿದರೆ ಹೇಗೆ ಅಂತ ತಲೆಗೆ ಬಂತು.

ಮನೆಯಲ್ಲಿ ನಕ್ಕರು. ನಮ್ಮ ಅಕ್ಕನ ಮಗ ಮಾತ್ರ ನಗಲಿಲ್ಲ. "ಚಿಕ್ಕಮ್ಮ, ಮಣ್ಣಿನ ದಾರಿ ಇದೆ ಅಂದ್ರೆ ಎಂಟಿಬಿನೇ ತಗೋಬೇಕು, ಡಬಲ್ ಸಸ್ಪೆನ್ಷನ್ದು" ಅಂದ. ಎಂಟಿಬಿ ಅಂದರೆ ಮೌಂಟನ್ ಬೈಕ್, ಗುಡ್ಡದ ಕಲ್ಲುದಾರಿಗೆ ಅಂತ ಮಾಡಿದ ಸೈಕಲ್. ತನ್ನ ಸೈಕಲ್ಲನ್ನೇ ಒಂದು ವಾರಕ್ಕೆ ಬಿಟ್ಟುಹೋದ. ಅದೇ ನನಗೆ ಮೊದಲ ಪಾಠ.

ಆ ಸೈಕಲ್‌ಗೆ ಮುಂದೆ ಒಂದು ಶಾಕ್ (ಕುಲುಕು ತಡೆಯುವ ಸ್ಪ್ರಿಂಗ್), ಸೀಟಿನ ಕೆಳಗೆ ಒಂದು ಶಾಕ್. ಟೈರು ನನ್ನ ಮುಂಗೈಯಷ್ಟು ದಪ್ಪ, ಮೈತುಂಬ ಉಬ್ಬಿದ ರಬ್ಬರ್ ಗುಂಡಿಗಳು. ನೋಡಲು ಗೂಳಿ ನಿಂತ ಹಾಗಿತ್ತು. ಹೊಲದ ದಾರಿಯಲ್ಲಿ ನಿಜಕ್ಕೂ ಸುಖ. ಆದರೆ ಡಾಂಬರಿನ ಮೇಲೆ ಟೈರು ಗುಂಯ್ ಅನ್ನುತ್ತಲೇ ಇರುತ್ತಿತ್ತು, ಮುಂದಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಏರು ಬಂದಾಗ ಎದ್ದು ನಿಂತು ತುಳಿದರೆ ನನ್ನ ಶಕ್ತಿಯೆಲ್ಲ ಸ್ಪ್ರಿಂಗ್ ಕುಗ್ಗಿಸುವುದಕ್ಕೇ ಹೋಗುತ್ತಿತ್ತು. ಮೊದಲ ದಿನ ಶಾಲೆ ಮುಟ್ಟಲು 58 ನಿಮಿಷ. ಪ್ರಾರ್ಥನೆ ಮುಗಿದೇ ಹೋಗಿತ್ತು.

ಆ ವಾರ ಇನ್ನೊಂದು ಕಣ್ಣಿಗೆ ಬಿತ್ತು. ನಮ್ಮ ಶಾಲೆಯ ಮಕ್ಕಳು ಅದೇ ಬಂಡಿ ಜಾಡಿನಲ್ಲಿ ಸಾದಾ ಸೈಕಲ್ ಓಡಿಸುತ್ತಾರೆ. 2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಹಂಚಲು ಶುರುಮಾಡಿತ್ತಲ್ಲ, ಅಂಥದ್ದೇ ಅಣ್ಣನದೋ ಅಕ್ಕನದೋ ಹಳೇದು. ಗೇರಿಲ್ಲ, ಶಾಕ್ ಇಲ್ಲ. ಹಿಂದೆ ಕ್ಯಾರಿಯರ್ ಮೇಲೆ ತಮ್ಮ ಬೇರೆ. ಡಬಲ್ ಸಸ್ಪೆನ್ಷನ್ ಮೇಲೆ ಏದುಸಿರು ಬಿಡುತ್ತಿದ್ದ ನನ್ನನ್ನು ದಾಟಿಕೊಂಡು "ನಮಸ್ತೆ ಟೀಚರ್" ಅಂತ ಹೋಗುತ್ತಿದ್ದರು. ಈ ದಾರಿಗೆ ಅಷ್ಟೆಲ್ಲ ಯಂತ್ರ ಬೇಕಾಗಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು.

ನಾನು ವಿಜ್ಞಾನದ ಟೀಚರ್. ಅಳೆದು ನೋಡದೆ ಸಮಾಧಾನ ಇಲ್ಲ. ಎರಡು ವಾರ ಸ್ಕೂಟಿಯ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ: ಡಾಂಬರು ಎಷ್ಟು, ಮಣ್ಣು ಎಷ್ಟು. ಭಾನುವಾರ ಜೋಗಿಮಟ್ಟಿ ಕಡೆ, ಚಂದ್ರವಳ್ಳಿ ಕಡೆ ಹೋಗುವ ಆಸೆಯನ್ನೂ ಲೆಕ್ಕಕ್ಕೆ ಸೇರಿಸಿದೆ. ನಾಲ್ಕು ಪಾಲಿನಲ್ಲಿ ಮೂರು ಪಾಲು ಡಾಂಬರು ಬಂತು. ಮನಸ್ಸಿನಲ್ಲಿ ಮಾತ್ರ ಅರ್ಧ ಮಣ್ಣೇ ಅನ್ನಿಸಿತ್ತು! ಮೈ ಕುಲುಕುವ ದಾರಿ ಜಾಸ್ತಿ ನೆನಪಿರುತ್ತದೆ, ಅದಕ್ಕೇ ಇರಬೇಕು.

ಹಾಗಾದರೆ ರೋಡ್ ಬೈಕೇ ಸಾಕಲ್ವಾ? ನಮ್ಮ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದಿತ್ತು. ಬಾಗಿದ ಹ್ಯಾಂಡಲ್, 25 ಮಿಲಿಮೀಟರಿನ ತೆಳು ಟೈರು. ಡಾಂಬರಿನ ಮೇಲೆ ಹಕ್ಕಿ. ಗರಸಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಮುಂಗಾಲಿ ಪಕ್ಕಕ್ಕೆ ಜಾರಿತು, ನಾನು ಬೇಲಿಗೆ ಒರಗಿದೆ. ಅಲ್ಲಿಗೆ ಆ ಮಾತು ಮುಗಿಯಿತು.

ಎರಡೂ ಓಡಿಸಿದ ಮೇಲೆ ಒಂದು ಸ್ಪಷ್ಟವಾಯಿತು. ಮಣ್ಣಿಗೂ ಡಾಂಬರಿಗೂ ಒಂದೇ ಸೈಕಲ್ ಬೇಕಾದರೆ ಮೊದಲು ನೋಡಬೇಕಾದ್ದು ಟೈರು. ಶಾಕ್, ಗೇರು, ಬಣ್ಣ ಎಲ್ಲ ಆಮೇಲೆ. ಗಟ್ಟಿ ಗಾಳಿ ತುಂಬಿದ ತೆಳು ಟೈರು ಕಲ್ಲಿಗೆ ಬಡಿದರೆ ಸೈಕಲ್ಲನ್ನೂ ನಮ್ಮನ್ನೂ ಮೇಲಕ್ಕೆ ಎತ್ತುತ್ತದೆ. ಎತ್ತಿದ್ದಕ್ಕೆ ಖರ್ಚಾಗುವುದು ನಮ್ಮ ಕಾಲಿನ ಶಕ್ತಿಯೇ. ಸ್ವಲ್ಪ ಅಗಲದ, ಸ್ವಲ್ಪ ಮೆತ್ತಗಿನ ಟೈರು ಆ ಕಲ್ಲನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ. ಆದರೆ ಟೈರು ತೀರಾ ದಪ್ಪವಾಗಿ ಮೇಲೆ ದೊಡ್ಡ ರಬ್ಬರ್ ಗುಂಡಿಗಳಿದ್ದರೆ ಡಾಂಬರಿನ ಮೇಲೆ ಆ ಗುಂಡಿಗಳೇ ಬಾಗಿ ಬಾಗಿ ಎಳೆತ ಹೆಚ್ಚಿಸುತ್ತವೆ. ನನಗೆ ಬೇಕಾದ್ದು ಎರಡರ ನಡುವಿನದು: 40 ಮಿಲಿಮೀಟರ್ ಆಸುಪಾಸು ಅಗಲ, ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಹಲ್ಲು. ಹೈಬ್ರಿಡ್ ಅನ್ನುವ ಸೈಕಲ್‌ಗಳಲ್ಲಿ ಹೆಚ್ಚಾಗಿ ಇಂಥ ಟೈರೇ ಬರುತ್ತದೆ. ಗ್ರಾವೆಲ್ ಬೈಕ್ ಅಂತಲೂ ಇದೆ, ಬಾಗಿದ ಹ್ಯಾಂಡಲ್ಲಿಗೆ ಅಗಲ ಟೈರು. ಬಹಳ ಚೆನ್ನಾಗಿರುತ್ತದೆ. ನನ್ನ ಬಜೆಟ್ ಅಷ್ಟು ಚೆನ್ನಾಗಿರಲಿಲ್ಲ.

ಟೈರಿನ ಪಕ್ಕದಲ್ಲಿ ಒಂದು ಜೋಡಿ ಅಂಕಿ ಇರುತ್ತದೆ, ನನ್ನದರಲ್ಲಿ 40-622. ಮೊದಲನೆಯದು ಅಗಲ. ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ. ಅಂಗಡಿಯವರು 700ಸಿ ಅನ್ನುವುದೂ 622, ಎಂಟಿಬಿಯಲ್ಲಿ 29 ಇಂಚು ಅನ್ನುವುದೂ ಅದೇ 622. ಇದು ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. ಅಂದರೆ ಹೈಬ್ರಿಡ್ ಸಿಗದಿದ್ದರೆ, ಶಾಕ್ ಇಲ್ಲದ 29 ಇಂಚಿನದೊಂದು ತಂದು ಟೈರು ಮಾತ್ರ ಬದಲಾಯಿಸಬಹುದು. ರಿಮ್ಮಿನ ಅಗಲಕ್ಕೆ ಒಪ್ಪುತ್ತದಾ ಅಂತ ನೋಡಿಕೊಂಡರೆ ಆಯಿತು. 27.5 ಇಂಚಿನದು 584, ಹಳೇ 26 ಇಂಚಿನ ಎಂಟಿಬಿ 559. ಇವುಗಳ ಟೈರು ಅದಲುಬದಲು ಆಗುವುದಿಲ್ಲ.

ಇನ್ನು ಅಂಗಡಿ. ಎರಡು ಊರು, ಮೂರು ಅಂಗಡಿ ಸುತ್ತಿದೆ. ಮೊದಲನೆಯದರಲ್ಲಿ ನನ್ನನ್ನು ನೋಡಿದ ತಕ್ಷಣ ಮುಂದೆ ಬುಟ್ಟಿ ಇರುವ ಗುಲಾಬಿ ಸೈಕಲ್ ತಂದು ನಿಲ್ಲಿಸಿದರು. ಎರಡನೆಯದರಲ್ಲಿ 18 ಇಂಚಿನ ಫ್ರೇಮ್ ತೋರಿಸಿ "ಸೀಟು ಇಳಿಸಿಕೊಟ್ರೆ ಆಯ್ತು ಮೇಡಂ" ಅಂದರು. ಮೊದಲ ಸೈಕಲ್ ಕೊಳ್ಳುವವರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ನನ್ನ ಎತ್ತರ ಐದು ಅಡಿ ಎರಡು ಇಂಚು. ಸೀಟು ಇಳಿಸಿದರೆ ಕಾಲು ಎಟುಕುತ್ತದೆ, ನಿಜ. ಹ್ಯಾಂಡಲ್ ಹತ್ತಿರ ಬರುತ್ತದಾ? ನಡುವಿನ ಕೊಳವೆ ಕೆಳಗಿಳಿಯುತ್ತದಾ? ಇಳಿಜಾರಿನ ಕಲ್ಲುದಾರಿಯಲ್ಲಿ ಗಕ್ಕನೆ ನಿಂತು ಕಾಲು ಊರಬೇಕಾದಾಗ ಆ ಕೊಳವೆಗೂ ನಮಗೂ ನಡುವೆ ನಾಲ್ಕು ಬೆರಳಾದರೂ ಜಾಗ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲೇ ಅಳತೆ ತೆಗೆದುಕೊಂಡು ಹೋಗಿದ್ದೆ. ಗೋಡೆಗೆ ಬೆನ್ನು ಕೊಟ್ಟು, ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಅಂಚಿನಿಂದ ನೆಲಕ್ಕೆ ಟೇಪು ಹಿಡಿಯುವುದು. ನನ್ನದು 72 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಎರಡೂ ಪೆಡಲ್ ಸುತ್ತುವ ನಡು ಅಚ್ಚಿನಿಂದ ಸೀಟಿನ ತಲೆಯವರೆಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ನನಗೆ 63.6 ಬಂತು. ಲೆಕ್ಕ ಬೇಡವಾದರೆ ಇನ್ನೊಂದು ಉಪಾಯ ಇದೆ. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಡಿಚಿರುತ್ತದೆ. ಅಕ್ಕನ ಮಗನ ಸೈಕಲ್ಲಿನಲ್ಲಿ ಎರಡೂ ಕಾಲು ನೆಲಕ್ಕೆ ಎಟುಕಲಿ ಅಂತ ಸೀಟು ಇಳಿಸಿಕೊಂಡಿದ್ದೆ. ಆ ವಾರ ಮಂಡಿ ಇನ್ನೂ ಜಾಸ್ತಿ ನೋಯಲು ಅದೇ ಕಾರಣ ಅಂತ ಆಮೇಲೆ ತಿಳಿಯಿತು.

ಮೂರನೆಯ ಅಂಗಡಿ ದಾವಣಗೆರೆಯಲ್ಲಿ. ಅಲ್ಲಿ 15 ಇಂಚಿನ ಫ್ರೇಮಿನ ಹೈಬ್ರಿಡ್ ಇತ್ತು. ಮುಂಗಾಲಿ ಹಿಡಿದಿರುವ ಫೋರ್ಕ್ ಸಾದಾ, ಶಾಕ್ ಇಲ್ಲ. ಅಂಗಡಿ ಹುಡುಗ ಸಂಕೋಚದಿಂದಲೇ ಹೇಳಿದ, ಶಾಕ್ ಇರುವುದೂ ಇದೇ ರೇಟಿಗೆ ಬರುತ್ತದೆ ಅಂತ. ಇದೇ ರೇಟಿಗೆ ಬರುವ ಶಾಕ್ ಎಂಥದ್ದು? ಸ್ಪ್ರಿಂಗ್ ಹಾಕಿದ ಎರಡು ಕೊಳವೆ, ತೂಕ ಎರಡೂವರೆ ಕಿಲೋ ಹತ್ತಿರ. ದಿನಾ ಬೆಳಿಗ್ಗೆ ಅದನ್ನು ಏರಿನ ಮೇಲೆ ಹೊರುವವಳು ನಾನು. ಬೇಡ ಅಂದೆ. ನಿಜವಾದ ಗುಡ್ಡದ ಇಳಿಜಾರಿನಲ್ಲಿ ಬಂಡೆ ಹಾರಿಸುವವರಿಗೆ ಒಳ್ಳೆಯ ಶಾಕ್ ಬೇಕೇ ಬೇಕು, ನನ್ನ ಹಾರಾಟ ಹಳ್ಳದವರೆಗೆ ಅಷ್ಟೇ.

ಗೇರಿನಲ್ಲಿ ಎಷ್ಟು ಸ್ಪೀಡು ಅಂತ ನೋಡಲಿಲ್ಲ, ಹಲ್ಲು ಎಣಿಸಿದೆ. ಮುಂದೆ ಅತಿ ಸಣ್ಣದು 24 ಹಲ್ಲು, ಹಿಂದೆ ಅತಿ ದೊಡ್ಡದು 28. ಒಂದು ಸುತ್ತು ತುಳಿದರೆ ಸೈಕಲ್ ಹೋಗುವುದು ಸುಮಾರು 1.9 ಮೀಟರ್. ಈ ದೂರ ಕಡಿಮೆಯಾದಷ್ಟೂ ಏರು ಹಗುರ. ನಾನು ಕಾಲೇಜಿಗೆ ಹೋಗುತ್ತಿದ್ದ ಲೇಡೀಸ್ ಸೈಕಲ್ಲಿನಲ್ಲಿ 44ಕ್ಕೆ 18 ಇತ್ತು, ಒಂದು ಸುತ್ತಿಗೆ 5 ಮೀಟರ್. ಜೋಗಿಮಟ್ಟಿ ಏರಿನಲ್ಲಿ ಅದನ್ನು ತಳ್ಳಿಕೊಂಡು ಹೋಗಿದ್ದು ಯಾಕೆ ಅಂತ ಇಪ್ಪತ್ತು ವರ್ಷದ ಮೇಲೆ ಲೆಕ್ಕ ಸಿಕ್ಕಿತು. ಬ್ರೇಕು ತಂತಿಯ ಡಿಸ್ಕ್. ಆಯಿಲ್ ಡಿಸ್ಕ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ತಂತಿ ತುಂಡಾದರೆ ಯಾವ ಹಳ್ಳಿಯಲ್ಲಾದರೂ ಹಾಕಿಸಬಹುದು.

ಸೈಕಲ್ಲಿಗೆ 22,000 ಆಯಿತು. ಹೆಲ್ಮೆಟ್, ಲೈಟು, ಪಂಪು, ಮಡ್‌ಗಾರ್ಡ್ ಅಂತ ಮೇಲೆ 4,000. ಇದನ್ನು ಮೊದಲೇ ಎತ್ತಿಟ್ಟುಕೊಂಡಿರಲಿಲ್ಲ, ಆ ತಿಂಗಳು ಸ್ವಲ್ಪ ಕಷ್ಟವಾಯಿತು. ದಾವಣಗೆರೆಯಿಂದ ತುಳಿದುಕೊಂಡೇ ಬರುತ್ತೇನೆ ಅಂತ ಹಟ ಮಾಡಿದೆ. ಹೆದ್ದಾರಿಯ ಲಾರಿಗಳನ್ನು ನೋಡಿ ಹಟ ಇಳಿಯಿತು. ಬೆಣ್ಣೆ ದೋಸೆ ತಿಂದು, ಲಗೇಜ್ ಆಟೊದಲ್ಲಿ ಹಾಕಿಸಿಕೊಂಡು ಬಂದೆವು.

ಮೊದಲ ಹದಿನೈದು ದಿನದಲ್ಲಿ ನಾಲ್ಕು ಪಂಕ್ಚರ್. ಸೈಕಲ್ ಆರಿಸುವಾಗ ನಾನು ಲೆಕ್ಕ ಹಾಕದೆ ಬಿಟ್ಟಿದ್ದು ಇದೊಂದೇ. ನಮ್ಮ ಸೀಮೆಯಲ್ಲಿ ಮಣ್ಣಿನ ದಾರಿ ಅಂದರೆ ಮುಳ್ಳಿನ ದಾರಿ. ಬಳ್ಳಾರಿ ಜಾಲಿ ಬೇಲಿ ಸವರಿ ದಾರಿಗೇ ಎಸೆದಿರುತ್ತಾರೆ. ಅದಾದರೂ ಕಣ್ಣಿಗೆ ಕಾಣುತ್ತದೆ. ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಮೂರನೆಯ ಪಂಕ್ಚರ್ ಆದ ದಿನ ಊರ ಮುಂದಿನ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಅಣ್ಣ ಪ್ಯಾಚ್ ಹಾಕಿದ. ಆದರೆ ಗಾಳಿ ಹೊಡೆಯಲು ಆಗಲಿಲ್ಲ. ನನ್ನ ಟ್ಯೂಬಿಗೆ ಇದ್ದದ್ದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್, ಅವನ ಕಂಪ್ರೆಸರ್ ಹಿಡಿಯುವುದು ಸ್ಕೂಟರ್ ವಾಲ್ವ್. "ಇದ್ಯಾವ ದೇಶದ್ ಮೂತಿ ಟೀಚರಮ್ಮಾ" ಅಂದ. ನನ್ನ ಪಂಪು ಮನೆಯಲ್ಲಿತ್ತು.

ಈಗ ಎರಡು ಗಾಲಿಗೂ ಸ್ಕೂಟರ್ ವಾಲ್ವಿನ ಟ್ಯೂಬು ಇದೆ. ಅದರ ಮೂತಿ ದಪ್ಪ, ರಿಮ್ಮಿನ ತೂತು ಅದಕ್ಕೆ ಸಾಕಾಗುವಷ್ಟು ಇದ್ದದ್ದು ನನ್ನ ಪುಣ್ಯ. ಕೊಳ್ಳುವಾಗಲೇ ಈ ವಾಲ್ವ್ ಇರುವುದನ್ನು ಕೇಳಿ, ಇಲ್ಲವಾದರೆ ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ಜೇಬಿನಲ್ಲಿರಲಿ. ಟೈರಿಗೂ ಟ್ಯೂಬಿಗೂ ನಡುವೆ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದ್ದೇನೆ, ಟ್ಯೂಬಿನೊಳಗೆ ಸೀಲಂಟ್ ದ್ರವವೂ ಇದೆ. ಸ್ವಲ್ಪ ತೂಕ ಜಾಸ್ತಿಯಾಯಿತು, ಪಂಕ್ಚರ್ ತಿಂಗಳಿಗೆ ಒಂದಕ್ಕೆ ಇಳಿಯಿತು. ಗಾಳಿಯನ್ನು ಅಂಗಡಿಯವರ ಅಂದಾಜಿಗೆ ಬಿಡುವುದಿಲ್ಲ. ನನ್ನ ಟೈರಿನ ಮೇಲೆ ಗಾಳಿಯ ಒತ್ತಡ 40ರಿಂದ 65 ಪಿಎಸ್‌ಐ ಅಂತ ಬರೆದಿದೆ. ನನ್ನ ತೂಕ 58 ಕಿಲೋ, 45 ಸಾಕು. ಕಲ್ಲು ಹಾಗೆ ಗಟ್ಟಿ ಮಾಡಿದರೆ ಆ ಅಗಲ ಟೈರು ಕೊಂಡಿದ್ದೇ ದಂಡ.

ಎರೆ ಮಣ್ಣಿನ ವಿಷಯಕ್ಕೆ ಮಾತ್ರ ಯಾವ ಸೈಕಲ್ಲಿನಲ್ಲೂ ಉತ್ತರ ಇಲ್ಲ. ಹಳ್ಳದ ಆಚೆ ನೂರು ಮಾರು ಎರೆ ಹೊಲ. ಮಳೆ ಬಂದ ಮಾರನೇ ದಿನ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನಲ್ಲಿ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಅಂಥ ದಿನ 16 ಕಿಲೋಮೀಟರಿನ ಡಾಂಬರು ಸುತ್ತು. ಟೈರಿಗೂ ಫೋರ್ಕಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ ಇರುವುದನ್ನು ನೋಡಿ ತಂದಿದ್ದೆ. ಕೆಂಪು ಮಣ್ಣಿಗೆ ಅದು ಸಾಕು, ಎರೆಗೆ ಸಾಲದು.

ಶಾಲೆ ಮುಟ್ಟಲು ಈಗ 42 ನಿಮಿಷ. ಚೂಡಿದಾರದ ಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್, ಸೀರೆ ಬ್ಯಾಗಿನಲ್ಲಿ. ಭಾನುವಾರ ಆಡುಮಲ್ಲೇಶ್ವರದ ಕಡೆ ಏರುತ್ತೇನೆ. ಅದು ಜೋಗಿಮಟ್ಟಿ ಅಭಯಾರಣ್ಯ, ಕರಡಿ ಚಿರತೆ ಇರುವ ಜಾಗ. ಗೇಟಿನಲ್ಲಿ ಕೇಳಿ, ಬಿಟ್ಟರೆ ಮಾತ್ರ ಮೇಲೆ. ಇಳಿಯುವಾಗ ಎರಡೂ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬರುತ್ತೇನೆ.

ಆಷಾಢದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಸುಮ್ನೆ ಇಲ್ಲಿ ನಿಂತಿಲ್ಲ. ಬೆಳಿಗ್ಗೆ ಎದುರು ಗಾಳಿ, 55 ನಿಮಿಷ. ಸಂಜೆ ಬೆನ್ನಿಗೆ ಅದೇ ಗಾಳಿ, 35. ಹ್ಯಾಂಡಲಿನ ಕೆಳಗಿದ್ದ ಎರಡು ಉಂಗುರ ತೆಗೆದು ಮೇಲೆ ಹಾಕಿಸಿ ಹ್ಯಾಂಡಲನ್ನು ಎರಡು ಸೆಂಟಿಮೀಟರ್ ಇಳಿಸಿಕೊಂಡೆ. ಮೈ ಸ್ವಲ್ಪ ಬಗ್ಗುತ್ತದೆ, ಎದೆಗೆ ಹೊಡೆಯುವ ಗಾಳಿ ಕಡಿಮೆಯಾಗುತ್ತದೆ.

ಸ್ಟ್ಯಾಂಡಿನದು ಮಾತ್ರ ಇನ್ನೂ ಬಗೆಹರಿದಿಲ್ಲ. ಪಕ್ಕದ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಪಾಠದ ನಡುವೆ ಒಂದು ಸಲವಾದರೂ ಧಡ್ ಅನ್ನುತ್ತದೆ. ಮಕ್ಕಳೆಲ್ಲ ಕಿಟಕಿ ಕಡೆ ತಿರುಗುತ್ತಾರೆ. ಈಗ ಹಿಂದಿನ ಬೆಂಚಿನವರೇ ಸೇರಿ ಅಂಗಳದ ಹೊಂಗೆ ಮರಕ್ಕೆ ಒಂದು ಹಗ್ಗ ಕಟ್ಟಿಕೊಟ್ಟಿದ್ದಾರೆ.