ವಾಷಿಂಗ್ಟನ್ ಹಿಮದಲ್ಲಿ ಮಲಗುವ ಮೊದಲು: ಚಳಿ ಬರುವುದು ಕೆಳಗಿನಿಂದ

ಹೋದ ತಿಂಗಳು ಪರಿಚಯದ ಐದು ಹುಡುಗರು ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ನ್ಯಾಷನಲ್ ಪಾರ್ಕಿನ ಪ್ಯಾರಡೈಸ್ ಅನ್ನುವ ಜಾಗದಲ್ಲಿ ಹಿಮದ ಮೇಲೆ ಟೆಂಟ್ ಹಾಕಿದರು. ರಾತ್ರಿ ಎರಡಕ್ಕೆ ಚಳಿ ತಡೆಯಲಾರದೆ ಎದ್ದು ಕಾರಿಗೆ ಬಂದರು. ಮನೆಗಾದರೂ ಹೋಗೋಣ ಅಂದರೆ ಆಗಲಿಲ್ಲ, ಯಾಕೆಂದರೆ ಚಳಿಗಾಲದಲ್ಲಿ ಕೆಳಗೆ ಲಾಂಗ್‌ಮೈರ್ ಹತ್ತಿರ ಗೇಟನ್ನು ರಾತ್ರಿ ಹೊತ್ತು ಮುಚ್ಚಿಬಿಡುತ್ತಾರೆ. ಸೀಟಿನಲ್ಲೇ ಮುದುಡಿಕೊಂಡು ಬೆಳಗು ಮಾಡಿದರು. ಅವರ ಫೋಟೋ ನೋಡಿದ ತಕ್ಷಣ ನನಗೆ ಕಾರಣ ಗೊತ್ತಾಯಿತು, ನಾಲ್ಕು ವರ್ಷದ ಹಿಂದೆ ನಾನು ಮಾಡಿದ್ದೂ ಅದೇ ತಪ್ಪು. ಸಿಯಾಟಲ್ ಕಡೆಗೆ ಹೊಸದಾಗಿ ಬಂದವರು ಪ್ರತಿ ವರ್ಷ ಅದನ್ನೇ ಮಾಡುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೀನ್ಸ್ ಬೇಡ, ಕಾಟನ್ ಬೇಡ, ಪದರ ಪದರವಾಗಿ ಬಟ್ಟೆ ಹಾಕಿ, ಇದೆಲ್ಲ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಬಿಡೋಣ.

ಅಮೆರಿಕದಲ್ಲಿ ಸ್ಲೀಪಿಂಗ್ ಬ್ಯಾಗಿನ ಹೆಸರಿನಲ್ಲೇ ಸಾಮಾನ್ಯವಾಗಿ ಒಂದು ನಂಬರ್ ಇರುತ್ತದೆ. 20, 15, 0, ಹೀಗೆ. ಇದು ಫ್ಯಾರನ್‌ಹೀಟ್. 20 ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್, 0 ಅಂದರೆ ಮೈನಸ್ 18. ಅಷ್ಟು ಲೆಕ್ಕ ನಾನೂ ಹಾಕಿದ್ದೆ. ಆ ರಾತ್ರಿ 25ಕ್ಕೆ ಇಳಿಯುತ್ತದೆ ಅಂತ ಹವಾಮಾನ ವರದಿ ಹೇಳಿತ್ತು, ನನ್ನ ಬ್ಯಾಗು 20ರದ್ದು. ಇನ್ನೂ ಐದು ಡಿಗ್ರಿ ಕೈಯಲ್ಲಿದೆ ಅಂತ ನೆಮ್ಮದಿಯಾಗಿ ಹೋದೆ.

ಆ ನಂಬರಿನ ಅರ್ಥ ಬೇರೆ. ಬ್ಯಾಗುಗಳನ್ನು ಪರೀಕ್ಷೆ ಮಾಡುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ, ಐಎಸ್‌ಒ 23537 ಅಂತ. ಬಿಸಿ ಮಾಡಿದ ಗೊಂಬೆಗೆ ತೆಳುವಾದ ಒಳಉಡುಪು ತೊಡಿಸಿ, ಬ್ಯಾಗಿನೊಳಗೆ ಹಾಕಿ, ಕೆಳಗೆ ಹಾಸುವ ಪ್ಯಾಡ್ ಮೇಲೆ ಮಲಗಿಸಿ, ಎಷ್ಟು ಶಾಖ ಹೊರಗೆ ಹೋಗುತ್ತದೆ ಅಂತ ಅಳೆಯುತ್ತಾರೆ. ಅದರಿಂದ ಕಂಫರ್ಟ್, ಲಿಮಿಟ್ ಅಂತ ಎರಡು ಮುಖ್ಯ ಅಂಕಿ ಬರುತ್ತವೆ. ಕಂಫರ್ಟ್ ಅಂದರೆ ಮೈ ಸಡಿಲ ಬಿಟ್ಟು ನಿದ್ದೆ ಮಾಡಬಹುದಾದ ಮಟ್ಟ. ಲಿಮಿಟ್ ಅಂದರೆ ಗಂಡಸೊಬ್ಬ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯುವ ಮಟ್ಟ. ಎರಡಕ್ಕೂ ಸುಮಾರು ಹತ್ತು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ. ಹೆಂಗಸರ ಬ್ಯಾಗುಗಳ ಹೆಸರಿನಲ್ಲಿ ಎಷ್ಟೋ ಸಲ ಕಂಫರ್ಟ್ ಅಂಕಿಯೇ ಇರುತ್ತದೆ. ಗಂಡಸರ ಬ್ಯಾಗುಗಳಲ್ಲಿ ಹೆಚ್ಚಾಗಿ ಇರುವುದು ಲಿಮಿಟ್. ನನ್ನ 20ರ ಬ್ಯಾಗಿನ ಕಂಫರ್ಟ್ 30 ಅಂತ ಒಳಗಿನ ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿತ್ತು. ಈ ವಿಷಯದಲ್ಲಿ ಯುರೋಪಿನವರ ರೂಢಿಯೇ ವಾಸಿ. ಅಲ್ಲಿ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಹಾಕಿ, ಕಂಫರ್ಟ್ ಯಾವುದು ಅಂತ ಎದ್ದು ಕಾಣುವ ಹಾಗೆ ಅಚ್ಚು ಹಾಕುತ್ತಾರೆ. ನೀವು ಕೊಳ್ಳುವಾಗ ಕಂಫರ್ಟ್ ಅಂಕಿಯನ್ನು ಹುಡುಕಿ, ಅದನ್ನೇ ನೋಡಿ.

ಆದರೆ ನನ್ನ ದುಡ್ಡು ಹೋಗಿದ್ದು ಈ ನಂಬರಿನ ತಪ್ಪಿನಿಂದ ಅಲ್ಲ.

ಆ ರಾತ್ರಿ ನಡೆದದ್ದು ಹೀಗೆ. ಬ್ಯಾಗಿನೊಳಗೆ ಎದೆ ಬೆಚ್ಚಗಿತ್ತು. ಭುಜ, ಸೊಂಟ ಮಾತ್ರ ಐಸ್ ಮೇಲೆ ಇಟ್ಟ ಹಾಗೆ. ಮಗ್ಗುಲು ಬದಲಾಯಿಸಿದರೆ ಮೇಲೆ ಬಂದ ಭಾಗ ಬೆಚ್ಚಗಾಗುತ್ತಿತ್ತು, ಕೆಳಗೆ ಹೋದ ಭಾಗ ಕೊರೆಯುತ್ತಿತ್ತು. ಬೆಳಗಿನವರೆಗೆ ಹೀಗೇ ಹೊರಳಾಡಿದೆ. ವಾಪಸ್ ಬಂದವನೇ ಬ್ಯಾಗು ಸಾಲದು ಅಂತ ತೀರ್ಮಾನ ಮಾಡಿ 480 ಡಾಲರ್ ಕೊಟ್ಟು 0 ಡಿಗ್ರಿಯ ಡೌನ್ ಬ್ಯಾಗು, ಅಂದರೆ ಹಕ್ಕಿಯ ಮೃದುವಾದ ಪುಕ್ಕ ತುಂಬಿದ್ದು, ತಂದೆ. ಮುಂದಿನ ತಿಂಗಳು ಮತ್ತೆ ಹೋದೆ. ಮತ್ತೆ ಅದೇ ಚಳಿ, ಅದೇ ಭುಜ, ಅದೇ ಸೊಂಟ. ಬೆಳಿಗ್ಗೆ ಟೆಂಟ್ ಎತ್ತಿದಾಗ ಕೆಳಗಿನ ಹಿಮದಲ್ಲಿ ನನ್ನ ಮೈಯ ಅಚ್ಚು ಬಿದ್ದಿತ್ತು. ಭುಜ ಇದ್ದಲ್ಲಿ ಒಂದು ಗುಣಿ, ಸೊಂಟ ಇದ್ದಲ್ಲಿ ಇನ್ನೊಂದು, ಎರಡೂ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ಹೊಳೆಯುತ್ತಿದ್ದವು. ಇಡೀ ರಾತ್ರಿ ನನ್ನ ಮೈಯ ಶಾಖ ಹಿಮ ಕರಗಿಸಲು ಹೋಗಿತ್ತು.

ಕಾರಣ ಸುಲಭ. ಡೌನ್ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿಯಿಂದ. ಮೈಯ ಕೆಳಗೆ ಅದು ಅಪ್ಪಚ್ಚಿಯಾಗುತ್ತದೆ, ಗಾಳಿಯೇ ಉಳಿಯುವುದಿಲ್ಲ. ಹಾಗಾಗಿ ಕೆಳಗಿನ ಚಳಿಯನ್ನು ತಡೆಯುವುದು ಬ್ಯಾಗಿನ ಕೆಲಸವಲ್ಲ, ಪ್ಯಾಡಿನ ಕೆಲಸ. ಪ್ಯಾಡಿಗೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ, ಅದು ಹೆಚ್ಚಿದ್ದಷ್ಟೂ ಶಾಖ ಕೆಳಗೆ ಹೋಗುವುದು ಕಡಿಮೆ. 2020ರ ಹೊತ್ತಿಗೆ ಇಲ್ಲಿನ ದೊಡ್ಡ ಕಂಪನಿಗಳು ಇದನ್ನು ಒಂದೇ ಪದ್ಧತಿಯಲ್ಲಿ ಅಳೆಯಲು ಶುರು ಮಾಡಿದವು, ಈಗ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬಹುದು. ಬೇಸಿಗೆಗೆ 2 ಇದ್ದರೆ ನಡೆಯುತ್ತದೆ. ಹಿಮದ ಮೇಲೆ 5ಕ್ಕಿಂತ ಕಡಿಮೆ ಬೇಡವೇ ಬೇಡ. ಮನೆಗೆ ನೆಂಟರು ಬಂದಾಗ ಗಾಳಿ ತುಂಬಿಸಿ ಹಾಸುವ ಏರ್ ಮ್ಯಾಟ್ರೆಸ್ ಅನ್ನು ದಯವಿಟ್ಟು ಒಯ್ಯಬೇಡಿ. ಅದರೊಳಗಿನ ಗಾಳಿ ಮೈಗೂ ಹಿಮಕ್ಕೂ ನಡುವೆ ಸುತ್ತುತ್ತಾ ಶಾಖವನ್ನೆಲ್ಲ ಕೆಳಗೆ ಸಾಗಿಸುತ್ತದೆ. ಆ ಐದು ಹುಡುಗರ ಫೋಟೋದಲ್ಲಿ ನಾನು ಕಂಡದ್ದು ಅಂಥ ಏರ್ ಮ್ಯಾಟ್ರೆಸ್ಸನ್ನೇ.

ಇನ್ನೊಂದು ಒಳ್ಳೆಯ ವಿಷಯ: ಎರಡು ಪ್ಯಾಡ್ ಒಂದರ ಮೇಲೊಂದು ಹಾಕಿದರೆ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ. ಮಡಚುವ ಫೋಮ್ ಪ್ಯಾಡಿನದು ಸುಮಾರು 2. ಅದನ್ನು ಕೆಳಗೆ ಹಾಸಿ, ಮೇಲೆ 4ರ ಗಾಳಿ ಪ್ಯಾಡ್ ಇಟ್ಟರೆ 6 ಆಯಿತು. ಫೋಮ್‌ಗೆ ತೂತು ಬೀಳುವ ಭಯವೂ ಇಲ್ಲ. ಐವತ್ತು ಡಾಲರ್ ಒಳಗಿನ ಆ ಫೋಮ್ ತಂದ ದಿನದಿಂದ ನನ್ನ ಹಳೆಯ 20ರ ಬ್ಯಾಗಿನಲ್ಲೇ ಎಷ್ಟೋ ರಾತ್ರಿ ಚೆನ್ನಾಗಿ ಮಲಗಿದ್ದೇನೆ. 480 ಡಾಲರಿನದು ಹೆಚ್ಚಾಗಿ ಕಪಾಟಿನಲ್ಲೇ ಇದೆ. ಒಮ್ಮೆ ಮಲಗಿದ ಬ್ಯಾಗು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಮೊದಲ ಸಲ ಹೋಗುವವರು ಏನನ್ನೂ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಬಾಡಿಗೆಗೆ ಕೊಡುವ ಅಂಗಡಿಗಳು ಸಿಯಾಟಲ್‌ನಲ್ಲೇ ಇವೆ.

ಇನ್ನು ಒಳಗೆ ಹೋಗಲು, ಕಾರು ನಿಲ್ಲಿಸಲು ಬೇಕಾದ ಪಾಸುಗಳು. ಇಲ್ಲಿ ಕಾಡು ಯಾರದು ಅನ್ನುವುದರ ಮೇಲೆ ಪಾಸು ಬದಲಾಗುತ್ತದೆ. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸು ನ್ಯಾಷನಲ್ ಫಾರೆಸ್ಟ್‌ನ ಟ್ರೇಲ್‌ಹೆಡ್‌ಗಳಲ್ಲೂ (ಕಾಲುದಾರಿ ಶುರುವಾಗುವ ಜಾಗಗಳು) ನಡೆಯುತ್ತದೆ, ಅಲ್ಲಿ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕಿಲ್ಲ. ರಾಜ್ಯ ಸರ್ಕಾರದ ಜಾಗಕ್ಕೆ ಡಿಸ್ಕವರ್ ಪಾಸ್ ಬೇರೆಯೇ ಬೇಕು. ಚಳಿಗಾಲದಲ್ಲಿ ಸ್ನೋ-ಪಾರ್ಕ್ ಅಂತ ಬೋರ್ಡ್ ಇರುವ ಕಡೆ ಕಾರು ನಿಲ್ಲಿಸಿದರೆ ಇವು ಯಾವುದೂ ಸಾಲದು, ಸ್ನೋ-ಪಾರ್ಕ್ ಪರ್ಮಿಟ್ಟೇ ಬೇಕು. ಅಲ್ಲಿ ಗೇಟಿಲ್ಲ, ಕೇಳುವವರಿಲ್ಲ. ವಾಪಸ್ ಬಂದಾಗ ಗಾಜಿನ ಮೇಲೆ ದಂಡದ ಚೀಟಿ ಇರುತ್ತದೆ, ಅಷ್ಟೆ. ರೇನಿಯರ್‌ನಲ್ಲಿ ರಾತ್ರಿ ಉಳಿಯಲು ವೈಲ್ಡರ್‌ನೆಸ್ ಪರ್ಮಿಟ್ ಬೇಕು. ಪ್ಯಾರಡೈಸ್‌ನಲ್ಲಿ ಕನಿಷ್ಠ 5 ಅಡಿ ಹಿಮ ಬಿದ್ದಿದ್ದರೆ ಮಾತ್ರ ಅದರ ಮೇಲೆ ಟೆಂಟ್ ಹಾಕಬಹುದು. ನವೆಂಬರ್ 1ರಿಂದ ಮೇ 1ರವರೆಗೆ ಪಾರ್ಕಿನೊಳಗೆ ಬರುವ ಎಲ್ಲಾ ಗಾಡಿಗಳಲ್ಲೂ ಟೈರ್ ಚೈನ್ ಇರಲೇಬೇಕು, ಆಲ್ ವೀಲ್ ಡ್ರೈವ್ ಆದರೂ ಸರಿ.

ಮೈ ತಯಾರಿಗೆ ಜಿಮ್ಮಿನ ಟ್ರೆಡ್‌ಮಿಲ್ ಸಾಲದು. ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲವಾದ ಸ್ನೋಶೂ ಹಾಕಿ, ದೊಡ್ಡ ಚೀಲ ಹೊತ್ತು ನಡೆದರೆ ಬೇಸಿಗೆಯ ವೇಗದ ಅರ್ಧ ಬಂದರೆ ಹೆಚ್ಚು. ಇಲ್ಲಿನವರು ಸಿಯಾಟಲ್ ಹತ್ತಿರದ ಮೌಂಟ್ ಸೈ ಬೆಟ್ಟ ಹತ್ತಿ ತಯಾರಾಗುತ್ತಾರೆ. ಹೋಗಿಬರಲು 8 ಮೈಲಿ, ಏರು 3,000 ಅಡಿಗಿಂತ ಜಾಸ್ತಿ. ಚೀಲದಲ್ಲಿ ನೀರಿನ ಕ್ಯಾನ್ ಹೊತ್ತು ಹತ್ತಿ, ಮೇಲೆ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿಯಿರಿ. ಕಾಲಿಗೆ ಶಕ್ತಿ ಬರುತ್ತದೆ, ಮಂಡಿ ಉಳಿಯುತ್ತದೆ. ವಾರಕ್ಕೊಂದು ಸಲದಂತೆ ಎರಡು ತಿಂಗಳು ಮಾಡಿದರೆ ಸಾಕು. ಅಂದ ಹಾಗೆ ಅಲ್ಲಿಗೆ ಬೇಕಾದದ್ದು ಡಿಸ್ಕವರ್ ಪಾಸ್.

ಊಟದ ವಿಷಯದಲ್ಲಿ ನಮ್ಮವರು ಅಕ್ಕಿ ಒಯ್ದು ಕಷ್ಟಪಡುತ್ತಾರೆ. ನೀರೇ ಹಿಮ ಕರಗಿಸಿ ಮಾಡಿಕೊಳ್ಳಬೇಕಾದ ಜಾಗದಲ್ಲಿ ಅಕ್ಕಿ ಬೇಯಿಸಿದರೆ ಗ್ಯಾಸ್ ಅಲ್ಲಿಗೇ ಮುಗಿಯುತ್ತದೆ. ತೆಳು ಅವಲಕ್ಕಿಗೆ ಮನೆಯಲ್ಲೇ ಒಗ್ಗರಣೆ, ಕಡಲೆಬೀಜ, ಧಾರಾಳವಾಗಿ ತುಪ್ಪ ಕಲಸಿ ಒಯ್ಯಿರಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಐದು ನಿಮಿಷ. ಜಿಡ್ಡು ಬೇಕೇ ಬೇಕು, ರಾತ್ರಿಯೆಲ್ಲ ಮೈ ಬಿಸಿ ಮಾಡಿಕೊಳ್ಳುವುದು ಅದರಿಂದಲೇ. ಮಲಗುವ ಮುಂಚೆ ಇನ್ನೊಂದು ಹಿಡಿ ಬಾದಾಮಿ ತಿನ್ನಿ. ಎನರ್ಜಿ ಬಾರ್‌ಗಳು ಕಲ್ಲಾಗುತ್ತವೆ, ಅವು ಒಳಜೇಬಿನಲ್ಲಿರಲಿ. ಹಿಮ ಕರಗಿಸುವಾಗ ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರಿರಬೇಕು, ಇಲ್ಲದಿದ್ದರೆ ತಳ ಹತ್ತಿ ನೀರಿಗೆ ಸುಟ್ಟ ವಾಸನೆ ಬರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಡಿ, ಐಸ್ ಮೇಲಿನಿಂದ ಕಟ್ಟುತ್ತದೆ, ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಕೊಳವೆಯಂಥ ವಾಟರ್ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟ ಹಾಗೇ ಲೆಕ್ಕ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸ್ಟೌವನ್ನು ಟೆಂಟಿನೊಳಗೆ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಕಲಿಯಬೇಕಾದ ವಿದ್ಯೆಗಳಲ್ಲಿ ಮೊದಲನೆಯದು ಹಿಮಕುಸಿತದ ಮುನ್ಸೂಚನೆ ಓದುವುದು. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ದಿನವೂ ಒಂದರಿಂದ ಐದರವರೆಗೆ ಅಪಾಯದ ಮಟ್ಟ ಕೊಡುತ್ತದೆ. ಐದರಲ್ಲಿ ಮೂರು ಅಂದರೆ ಪರವಾಗಿಲ್ಲ ಅಂತ ಓದಬೇಡಿ. ಮೂರನೇ ಮಟ್ಟದಲ್ಲಿ ಮನುಷ್ಯನ ಭಾರಕ್ಕೇ ಹಿಮ ಜಾರುವ ಸಂಭವ ಹೆಚ್ಚು. 30ರಿಂದ 45 ಡಿಗ್ರಿ ಇಳಿಜಾರು ಎಲ್ಲಕ್ಕಿಂತ ಅಪಾಯ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ಮೇಲೆ ಅಂಥ ಇಳಿಜಾರು ಇದೆಯಾ ಅಂತ ನೋಡಿ ಟೆಂಟ್ ಹಾಕಿ. ಹಿಮಾಲಯಕ್ಕೆ ಟ್ರೆಕ್ ಕಂಪನಿ ಜೊತೆ ಹೋದವರಿಗೆ ಇದನ್ನೆಲ್ಲ ಗೈಡ್ ನೋಡಿಕೊಳ್ಳುತ್ತಾರೆ. ಇಲ್ಲಿ ಪರ್ಮಿಟ್ ಇದ್ದರೆ ಸಾಕು, ನಿರ್ಧಾರ ನಿಮ್ಮದೇ. ಈ ಸ್ವಾತಂತ್ರ್ಯ ನನಗೆ ತುಂಬಾ ಇಷ್ಟ. ಆದರೆ ಮೊದಲ ಚಳಿಗಾಲಕ್ಕೆ ನಮ್ಮ ಕಡೆಯ ಪದ್ಧತಿಯೇ ಒಳ್ಳೆಯದು, ಗೊತ್ತಿರುವವರ ಹಿಂದೆ ಹೋಗಬೇಕು. ದಿ ಮೌಂಟನಿಯರ್ಸ್ ಅಂತ 1906ರಿಂದ ಸಿಯಾಟಲ್‌ನಲ್ಲಿರುವ ಸಂಘ ಇಂಥ ಕೋರ್ಸ್‌ಗಳನ್ನು ನಡೆಸುತ್ತದೆ. ಕಲಿಸುವವರು ಸ್ವಯಂಸೇವಕರು, ತುಂಬಾ ತಾಳ್ಮೆಯಿಂದ ಹೇಳಿಕೊಡುತ್ತಾರೆ.

ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ, ಮೂರಕ್ಕೆ ಮೊದಲೇ ಟೆಂಟ್ ನಿಂತಿರಲಿ. ಹೊರಡುವ ಮುಂಚೆ ಒಂದು ಚೀಟಿ ಬರೆದು ಮನೆಯವರಿಗೋ ಗೆಳೆಯರಿಗೋ ಕೊಡಿ: ಟ್ರೇಲ್‌ಹೆಡ್ ಹೆಸರು, ಕಾರಿನ ನಂಬರ್, ಯಾರ್ಯಾರು ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ 911ಕ್ಕೆ ಕರೆ ಮಾಡಬೇಕು. ಪಾರ್ಕಿನ ಹೊರಗೆ ಹುಡುಕುವ ಜವಾಬ್ದಾರಿ ಆ ಕೌಂಟಿಯ (ಅಂದರೆ ಜಿಲ್ಲೆಯ) ಪೊಲೀಸ್ ಮುಖ್ಯಸ್ಥ ಶೆರಿಫ್‌ದು, ಅವರು ಮೊದಲು ಕೇಳುವುದು ಕಾರು ಎಲ್ಲಿ ನಿಂತಿದೆ ಅನ್ನುವುದನ್ನೇ.